ಬೆಳ್ಳುಳ್ಳಿ ರಸದ ಚರಿತ್ರೆ: ಔಷಧಗ್ರಂಥಗಳಿಂದ ಪ್ರಯೋಗಾಲಯದವರೆಗೆ

ನಿತ್ಯದ ಊಟದಲ್ಲಿ ಸೇರುವ ಗಿಡಗಡ್ಡೆಗಳ ರಸವನ್ನು ಹುಣ್ಣು, ಜ್ವರ, ಅತಿಸಾರಗಳಿಗೆ ಮದ್ದಾಗಿ ಬಳಸುವ ಪದ್ಧತಿ ಪ್ರಾಚೀನ ನಾಗರಿಕತೆಗಳಲ್ಲೆಲ್ಲ ಇತ್ತಾದರೂ, ಬೆಳ್ಳುಳ್ಳಿಯಷ್ಟು ದೀರ್ಘವಾದ ಲಿಖಿತ ದಾಖಲೆಯುಳ್ಳ ಆಹಾರಸಸ್ಯಗಳು ವಿರಳ. ಈ ಗಡ್ಡೆಗೆ ಒಂದು ವಿಶೇಷ ಗುಣವಿದೆ. ಸಿಪ್ಪೆ ಸುಲಿದ ಇಡೀ ಎಸಳಿಗೆ ಹೇಳಿಕೊಳ್ಳುವಂಥ ವಾಸನೆ ಇರುವುದಿಲ್ಲ. ಅದನ್ನು ಕಲ್ಲಿನಲ್ಲಿ ಜಜ್ಜಿದೊಡನೆ ಕಣ್ಣುಮೂಗುಗಳಿಗೆ ತಾಗುವ ಘಾಟು ಏಳುತ್ತದೆ. ಬ್ಯಾಕ್ಟೀರಿಯಾಗಳನ್ನು, ಅಂದರೆ ಬರಿಗಣ್ಣಿಗೆ ಕಾಣದ ಏಕಕೋಶ ಜೀವಿಗಳನ್ನು, ತಡೆಯುವ ಅದರ ಶಕ್ತಿಯೂ ಬಹುಮಟ್ಟಿಗೆ ಆ ಕ್ಷಣದಲ್ಲಿಯೇ ಹುಟ್ಟುತ್ತದೆ, ಮುಂದೆ ಬಿಸಿಗೆ, ಕಾಲಕ್ಕೆ, ಬೆರೆಸಿದ ದ್ರವಕ್ಕೆ ತಕ್ಕಂತೆ ಉಳಿಯುತ್ತದೆ ಅಥವಾ ಅಳಿಯುತ್ತದೆ. ಆದುದರಿಂದ ಬೆಳ್ಳುಳ್ಳಿಯ ಚರಿತ್ರೆಯನ್ನು ಒಂದು ಸಸ್ಯದ ಚರಿತ್ರೆಯಾಗಿ ನೋಡಿದರೆ ಸಾಲದು; ಜಜ್ಜುವ, ಸೋಸುವ, ನೆನೆಸುವ, ಕಾಯಿಸುವ ವಿಧಾನಗಳ ಚರಿತ್ರೆಯಾಗಿಯೂ ನೋಡಬೇಕಾಗುತ್ತದೆ. ದ್ರವ್ಯದ ಗುಣವನ್ನು ಕೊಂಡಾಡಿ ವಿಧಾನವನ್ನು ಮರೆತಾಗಲೆಲ್ಲ ಜ್ಞಾನದ ಅರ್ಧಭಾಗ ಕಳೆದುಹೋಗಿದೆ ಎಂಬುದನ್ನು ಆ ಚರಿತ್ರೆ ತೋರಿಸಿಕೊಡುತ್ತದೆ.

ಬೆಳ್ಳುಳ್ಳಿಯ ಮೂಲಸ್ಥಾನ ಮಧ್ಯ ಏಷ್ಯಾ ಎಂಬುದು ಸಸ್ಯವಿಜ್ಞಾನಿಗಳ ಸಾಮಾನ್ಯ ಅಭಿಪ್ರಾಯ. ಅಲ್ಲಿಂದ ಅದು ಬಹಳ ಹಿಂದೆಯೇ ಪೂರ್ವಕ್ಕೂ ಪಶ್ಚಿಮಕ್ಕೂ ಹರಡಿತು. ಕ್ರಿ.ಪೂ. 14ನೆಯ ಶತಮಾನದ ಈಜಿಪ್ಟಿನ ಅರಸು ತುತಾಂಖಾಮುನ್‌ನ ಸಮಾಧಿಯಲ್ಲಿ ಒಣಗಿದ ಬೆಳ್ಳುಳ್ಳಿ ಗಡ್ಡೆಗಳು ದೊರೆತಿವೆ. ಅದಕ್ಕೂ ಹಿಂದಿನ, ಸುಮಾರು ಕ್ರಿ.ಪೂ. 1550ರ ಏಬರ್ಸ್ ಪಪೈರಸ್ ಎಂಬ ವೈದ್ಯಗ್ರಂಥದ ಔಷಧಯೋಗಗಳಲ್ಲಿ ಅದರ ಹೆಸರಿದೆ. ಪಿರಮಿಡ್ ಕಟ್ಟಿದ ಕೆಲಸಗಾರರಿಗೆ ಮೂಲಂಗಿ, ಈರುಳ್ಳಿ, ಬೆಳ್ಳುಳ್ಳಿಗಳನ್ನು ಒದಗಿಸಲು ತಗುಲಿದ ವೆಚ್ಚವನ್ನು ಅದರ ಮೇಲೆಯೇ ಕೆತ್ತಲಾಗಿತ್ತೆಂದು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ರೋಮಿನ ಪ್ಲಿನಿ 1ನೆಯ ಶತಮಾನದಲ್ಲಿ ಬೆಳ್ಳುಳ್ಳಿಯಿಂದ ಮಾಡುವ 61 ಚಿಕಿತ್ಸೆಗಳನ್ನು ಪಟ್ಟಿಮಾಡಿದರೆ, 2ನೆಯ ಶತಮಾನದ ವೈದ್ಯ ಗ್ಯಾಲೆನ್ ಅದನ್ನು ಹಳ್ಳಿಗರ ಥೀರಿಯಾಕ್ ಎಂದು ಕರೆದನು. ಥೀರಿಯಾಕ್ ಎಂದರೆ ಹತ್ತಾರು ದುಬಾರಿ ದ್ರವ್ಯಗಳನ್ನು ಕೂಡಿಸಿ ಸಿರಿವಂತರಿಗಾಗಿ ಸಿದ್ಧಪಡಿಸುತ್ತಿದ್ದ, ಎಲ್ಲ ವಿಷಗಳಿಗೂ ಪ್ರತಿಮದ್ದೆಂದು ನಂಬಲಾಗಿದ್ದ ಲೇಹ್ಯ. ಅಂಥದ್ದನ್ನು ಕೊಳ್ಳಲಾರದ ಜನರಿಗೆ ಹಿತ್ತಲಿನ ಗಡ್ಡೆಯೇ ಆ ಸ್ಥಾನದಲ್ಲಿತ್ತೆಂಬುದು ಗ್ಯಾಲೆನ್ನನ ಮಾತಿನಿಂದ ತಿಳಿಯುತ್ತದೆ.

ಭಾರತದಲ್ಲಿ ಚರಕ ಮತ್ತು ಸುಶ್ರುತ ಸಂಹಿತೆಗಳೆರಡೂ ಲಶುನದ, ಅಂದರೆ ಬೆಳ್ಳುಳ್ಳಿಯ, ಗುಣಗಳನ್ನು ಹೇಳುತ್ತವೆ. ಸ್ತ್ರೀಯರ ಮತ್ತು ಮಕ್ಕಳ ರೋಗಗಳಿಗೆ ಮೀಸಲಾದ ಕಾಶ್ಯಪ ಸಂಹಿತೆಯಲ್ಲಿ ಲಶುನಕಲ್ಪ ಎಂಬ ಅಧ್ಯಾಯವೇ ಇದೆ; ಕಲ್ಪ ಎಂದರೆ ಒಂದೇ ದ್ರವ್ಯದ ಸೇವನೆಯ ಕ್ರಮವನ್ನು ಆದ್ಯಂತವಾಗಿ ವಿವರಿಸುವ ಭಾಗ. ಬೆಳ್ಳುಳ್ಳಿಯನ್ನು ಕುರಿತ ಅತ್ಯಂತ ಸೊಗಸಾದ ಭಾರತೀಯ ಬರಹ ದೊರೆತದ್ದಾದರೋ ದೇಶದ ಗಡಿಯಾಚೆ. 1890ರಲ್ಲಿ ಹ್ಯಾಮಿಲ್ಟನ್ ಬೋವರ್ ಎಂಬ ಬ್ರಿಟಿಷ್ ಸೇನಾಧಿಕಾರಿ ಇಂದಿನ ಚೀನಾದ ಶಿಂಜಿಯಾಂಗ್ ಪ್ರಾಂತಕ್ಕೆ ಸೇರಿದ ಕುಚಾ ಎಂಬಲ್ಲಿ ಭೂರ್ಜಪತ್ರದ, ಅಂದರೆ ಬರ್ಚ್ ಮರದ ತೊಗಟೆಯ ಮೇಲೆ ಬರೆದ ಒಂದು ಹಸ್ತಪ್ರತಿಯನ್ನು ಕೊಂಡನು. 4ರಿಂದ 6ನೆಯ ಶತಮಾನದ ನಡುವಿನದೆಂದು ವಿದ್ವಾಂಸರು ಎಣಿಸಿರುವ, ಏಳು ಭಾಗಗಳುಳ್ಳ ಈ ಬೋವರ್ ಹಸ್ತಪ್ರತಿಯನ್ನು ರುಡಾಲ್ಫ್ ಹಾರ್ನ್ಲೆ ಸಂಪಾದಿಸಿ 1893ರಿಂದ 1912ರವರೆಗೆ ಕಂತುಕಂತಾಗಿ ಪ್ರಕಟಿಸಿದನು. ಮೂಲ ಪ್ರತಿ ಈಗ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ. ಅದರ ಮೊದಲ ಭಾಗ ಬೆಳ್ಳುಳ್ಳಿಯಿಂದಲೇ ಆರಂಭವಾಗುತ್ತದೆ: ಹಿಮಾಲಯದಲ್ಲಿ ಕಂಡ ಒಂದು ಗಿಡ ಯಾವುದೆಂದು ಸುಶ್ರುತನು ಕಾಶಿರಾಜನನ್ನು ಕೇಳುತ್ತಾನೆ, ಕಾಶಿರಾಜನು ಅದರ ಹುಟ್ಟು, ಗುಣ, ಸೇವನೆಯ ಕ್ರಮಗಳನ್ನು ವಿಸ್ತರಿಸಿ ಹೇಳುತ್ತಾನೆ.

ಆ ವಿವರಣೆಯಲ್ಲಿ ಇಂದಿನ ಓದುಗನ ಗಮನ ಸೆಳೆಯುವುದು ಅದರ ಖಚಿತತೆ. ಎಸಳುಗಳ ರಸ ತೆಗೆದು ಬಟ್ಟೆಯಲ್ಲಿ ಸೋಸಿ ಮದ್ಯದೊಡನೆ ಬೆರೆಸಿ ಕುಡಿಯುವ ಕ್ರಮವನ್ನು ಅದು ಹೇಳುತ್ತದೆ. ಚಳಿಗಾಲವನ್ನು ಸೇವನೆಗೆ ತಕ್ಕ ಕಾಲವೆಂದು ಗುರುತಿಸಿ, ಆಗ ಮನೆಗಳ ಬಾಗಿಲುಗಳಿಗೆ ಬೆಳ್ಳುಳ್ಳಿಯ ಮಾಲೆ ಕಟ್ಟಿ ಆಚರಿಸುವ ಉತ್ಸವವನ್ನು ವರ್ಣಿಸುತ್ತದೆ. ಬೆಳ್ಳುಳ್ಳಿ ತಿನ್ನಬಾರದ ಬ್ರಾಹ್ಮಣನಿಗೂ ಅದರಲ್ಲಿ ದಾರಿಯಿದೆ: ಹಸುವಿಗೆ ಮೂರು ರಾತ್ರಿ ಮೇವನ್ನು ಬಹುಮಟ್ಟಿಗೆ ತಡೆದು, ಆಮೇಲೆ ಎರಡು ಪಾಲು ಹುಲ್ಲಿಗೆ ಒಂದು ಪಾಲು ಬೆಳ್ಳುಳ್ಳಿ ದಂಟು ಸೇರಿಸಿ ತಿನ್ನಿಸಿದರೆ, ಆ ಹಸುವಿನ ಹಾಲು, ಮೊಸರು, ತುಪ್ಪಗಳನ್ನು ಅವನು ಆಚಾರಕ್ಕೆ ಕುಂದಿಲ್ಲದೆ ಬಳಸಬಹುದು. ನಿಷೇಧ ಎಷ್ಟು ಬಲವಾಗಿತ್ತು, ಔಷಧದ ಮೇಲಿನ ನಂಬಿಕೆ ಅದಕ್ಕಿಂತ ಎಷ್ಟು ಬಲವಾಗಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಸಿಗುವುದು ಕಷ್ಟ.

ನಿಷೇಧಕ್ಕೆ ಶಾಸ್ತ್ರದ ಬೆಂಬಲವೂ ಕಥೆಯ ಬೆಂಬಲವೂ ಇದ್ದವು. ಮನುಸ್ಮೃತಿಯ ಐದನೆಯ ಅಧ್ಯಾಯ ದ್ವಿಜರಿಗೆ ಬೆಳ್ಳುಳ್ಳಿ, ಈರುಳ್ಳಿಗಳನ್ನು ಬಿಡಬೇಕೆಂದು ವಿಧಿಸುತ್ತದೆ. ಅಷ್ಟಾಂಗಹೃದಯದ ಕರ್ತೃ ವಾಗ್ಭಟನು, ಅಮೃತವನ್ನು ಕದ್ದ ರಾಹುವಿನ ಕತ್ತರಿಸಿದ ಕೊರಳಿನಿಂದ ನೆಲಕ್ಕೆ ಬಿದ್ದ ಹನಿಗಳೇ ಬೆಳ್ಳುಳ್ಳಿಯಾದವೆಂಬ ಕಥೆಯನ್ನು ಹೇಳಿ, ದೈತ್ಯದೇಹದ ಸಂಪರ್ಕದಿಂದ ಅದು ದ್ವಿಜರಿಗೆ ವರ್ಜ್ಯವಾದರೂ ಅಮೃತದಿಂದ ಹುಟ್ಟಿದ ಕಾರಣ ಶ್ರೇಷ್ಠ ರಸಾಯನವೆಂದು ಎರಡು ಮಾತನ್ನೂ ಒಂದೆಡೆ ಜೋಡಿಸಿದ್ದಾನೆ. ಕರ್ನಾಟಕದ ವೈದ್ಯಪರಂಪರೆಯಲ್ಲಿಯೂ ಚಿಕಿತ್ಸೆ ಮತ್ತು ಆಚಾರಗಳ ನಡುವಿನ ಈ ಎಳೆದಾಟ ಕಾಣುತ್ತದೆ. ರಾಷ್ಟ್ರಕೂಟರ ಕಾಲದ ಜೈನಮುನಿ ಉಗ್ರಾದಿತ್ಯನ ಸಂಸ್ಕೃತ ಕಲ್ಯಾಣಕಾರಕ ಹಾಗೂ 12ನೆಯ ಶತಮಾನದ ಜಗದ್ದಳ ಸೋಮನಾಥನ ಕನ್ನಡ ಕಲ್ಯಾಣಕಾರಕಗಳು ಮದ್ಯ, ಮಾಂಸ, ಮಧುಗಳನ್ನು ಔಷಧದಿಂದ ಹೊರಗಿಟ್ಟವು. ನೆಲದಡಿಯ ಗಡ್ಡೆಗಳನ್ನು ಬಿಡುವುದು ಜೈನ ಗೃಹಸ್ಥರ ಆಹಾರನಿಯಮವೂ ಆಗಿತ್ತು. ಇತ್ತ ಉತ್ತರ ಕರ್ನಾಟಕದ ರೈತಾಪಿ ಮನೆಗಳಲ್ಲಿ ಬೆಳ್ಳುಳ್ಳಿ ಖಾರ ರೊಟ್ಟಿಯ ಜೊತೆಗೆ ದಿನನಿತ್ಯದ ವ್ಯಂಜನವಾಯಿತು, ಗದಗ, ಧಾರವಾಡ, ಹಾವೇರಿಗಳ ಹೊಲಗಳಲ್ಲಿ ಬೆಳೆಯಾಯಿತು, ಬಾಣಂತಿಯರ ಪಥ್ಯದ ಊಟದಲ್ಲಿ ತಪ್ಪದೆ ಸೇರಿತು. ಒಂದೇ ನೆಲದಲ್ಲಿ ಒಂದೇ ಗಡ್ಡೆ ಒಬ್ಬರಿಗೆ ವರ್ಜ್ಯವಾಗಿ, ಇನ್ನೊಬ್ಬರಿಗೆ ಅನಿವಾರ್ಯವಾಗಿ ಉಳಿದುಬಂದಿತು.

ಯುರೋಪಿನ ಮಧ್ಯಯುಗದಿಂದಲೂ ಒಂದು ಮಹತ್ವದ ದಾಖಲೆ ಉಳಿದಿದೆ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ, 10ನೆಯ ಶತಮಾನದ ಪ್ರಾಚೀನ ಇಂಗ್ಲಿಷ್ ವೈದ್ಯಗ್ರಂಥವಾದ ಬಾಲ್ಡ್ಸ್ ಲೀಚ್‌ಬುಕ್‌ನಲ್ಲಿ ಕಣ್ಣಿನ ರೆಪ್ಪೆಯ ಗಂಟಿಗೆ, ಬಹುಶಃ ಕನ್ನಡದ ಮನೆಗಳಲ್ಲಿ ಕಣ್ಣುಕುಟಿಕೆ ಎನ್ನುವ ಬಾವಿಗೆ, ಒಂದು ಲೇಪವನ್ನು ಹೇಳಿದೆ. ಬೆಳ್ಳುಳ್ಳಿಯನ್ನೂ ಈರುಳ್ಳಿ ಜಾತಿಯ ಇನ್ನೊಂದು ಗಡ್ಡೆಯನ್ನೂ ಸಮಪ್ರಮಾಣದಲ್ಲಿ ತೆಗೆದುಕೊಂಡು ಚೆನ್ನಾಗಿ ಕುಟ್ಟಬೇಕು. ದ್ರಾಕ್ಷಾಮದ್ಯವನ್ನೂ ಎತ್ತಿನ ಪಿತ್ತರಸವನ್ನೂ ಸಮವಾಗಿ ಬೆರೆಸಬೇಕು. ಮಿಶ್ರಣವನ್ನು ಹಿತ್ತಾಳೆಯ ಪಾತ್ರೆಯಲ್ಲಿ ಒಂಬತ್ತು ರಾತ್ರಿ ಇಟ್ಟು, ಬಟ್ಟೆಯಲ್ಲಿ ಸೋಸಿ, ರಾತ್ರಿಯ ಹೊತ್ತು ಗರಿಯಿಂದ ಕಣ್ಣಿಗೆ ಹಚ್ಚಬೇಕು. ಕುಚಾದ ಹಸ್ತಪ್ರತಿಗೂ ಇಂಗ್ಲೆಂಡಿನ ಈ ಗ್ರಂಥಕ್ಕೂ ಯಾವ ಸಂಬಂಧವೂ ಇಲ್ಲದಿದ್ದರೂ, ಎರಡೂ ರಸವನ್ನು ಬಟ್ಟೆಯಲ್ಲಿ ಸೋಸುವುದನ್ನೂ ಮದ್ಯಕ್ಕೆ ಬೆರೆಸುವುದನ್ನೂ ಹೇಳುತ್ತವೆ. ಈ ಹೋಲಿಕೆಗೆ ಬಹುಕಾಲ ಯಾರೂ ಅರ್ಥ ಹುಡುಕಲಿಲ್ಲ.

19ನೆಯ ಶತಮಾನದಲ್ಲಿ ರಸಾಯನಶಾಸ್ತ್ರ ಬೆಳೆದಂತೆ, ಔಷಧಸಸ್ಯಗಳೊಳಗಿನ ಸಕ್ರಿಯ ವಸ್ತುವನ್ನು, ಅಂದರೆ ನಿಜವಾಗಿ ಪರಿಣಾಮ ಬೀರುವ ಅಂಶವನ್ನು, ಬೇರ್ಪಡಿಸುವ ಪ್ರಯತ್ನ ಆರಂಭವಾಯಿತು. 1844ರಲ್ಲಿ ಥಿಯೋಡೋರ್ ವೆರ್ಟ್‌ಹೈಮ್ ಬೆಳ್ಳುಳ್ಳಿಯನ್ನು ಆವಿಯಿಂದ ಬಟ್ಟಿಯಿಳಿಸಿ ಘಾಟಿನ ಎಣ್ಣೆಯೊಂದನ್ನು ಪಡೆದನು. ಬಟ್ಟಿಯಿಳಿಸುವುದೆಂದರೆ ದ್ರವ್ಯದ ಮೂಲಕ ಬಿಸಿ ಆವಿಯನ್ನು ಹಾಯಿಸಿ, ಆವಿಯೊಡನೆ ಹಾರುವ ಅಂಶಗಳನ್ನು ತಣಿಸಿ ಸಂಗ್ರಹಿಸುವುದು. 1892ರಲ್ಲಿ ಜರ್ಮನಿಯ ಸೆಮ್ಲರ್ ಆ ಎಣ್ಣೆಯ ಮುಖ್ಯಾಂಶ ಗಂಧಕವುಳ್ಳ ಡೈಆಲಿಲ್ ಡೈಸಲ್ಫೈಡ್ ಎಂಬ ಸಂಯುಕ್ತವೆಂದು ತೋರಿಸಿದನು. ಇಬ್ಬರ ಕೆಲಸವೂ ಮೌಲಿಕವಾದುದೇ. ಆದರೆ ಅವರು ಆರಿಸಿಕೊಂಡ ವಿಧಾನದಲ್ಲಿ ಬಿಸಿಯಿತ್ತು, ಬೆಳ್ಳುಳ್ಳಿಯ ಅತಿ ಸಕ್ರಿಯ ವಸ್ತುವೋ ಬಿಸಿಯನ್ನು ತಾಳದಂಥದು. ಹೀಗಾಗಿ ಅವರ ಕೈಗೆ ಸಿಕ್ಕಿದ್ದು ಆ ವಸ್ತು ಒಡೆದ ಮೇಲೆ ಉಳಿಯುವ ಸಂಯುಕ್ತಗಳು. ಮುಂದಿನ ಅರ್ಧ ಶತಮಾನ ಈ ಎಣ್ಣೆಯೇ ಬೆಳ್ಳುಳ್ಳಿಯ ಸಾರಸರ್ವಸ್ವವೆಂಬ ಭಾವನೆ ಉಳಿಯಿತು.

ವೈದ್ಯರು ಮಾತ್ರ ಹಸಿ ರಸವನ್ನು ಕೈಬಿಡಲಿಲ್ಲ. 1882ರಲ್ಲಿ ರಾಬರ್ಟ್ ಕಾಖ್ ಕ್ಷಯದ ಬ್ಯಾಕ್ಟೀರಿಯಾವನ್ನು ಗುರುತಿಸಿದ ಬಳಿಕವೂ ಆ ರೋಗಕ್ಕೆ ಮದ್ದಿಲ್ಲದಿದ್ದ ದಶಕಗಳಲ್ಲಿ, ಡಬ್ಲಿನ್ನಿನ ವೈದ್ಯ ವಿಲಿಯಂ ಮಿಂಚಿನ್ ರೋಗಿಗಳಿಗೆ ಬೆಳ್ಳುಳ್ಳಿ ರಸದ ಚಿಕಿತ್ಸೆಯನ್ನು ನೀಡಿ ತನ್ನ ಅನುಭವವನ್ನು ಪ್ರಕಟಿಸಿದನು. ಮೊದಲ ಮಹಾಯುದ್ಧದಲ್ಲಿ ರಸವನ್ನು ಹಿಂಡಿ, ನೀರು ಬೆರೆಸಿ, ಶುದ್ಧಗೊಳಿಸಿದ ಸ್ಫ್ಯಾಗ್ನಮ್ ಹಾವಸೆಯಲ್ಲಿ ನೆನೆಸಿ ಸೈನಿಕರ ಗಾಯಗಳಿಗೆ ಕಟ್ಟುತ್ತಿದ್ದರೆಂದೂ, 1916ರಲ್ಲಿ ಬ್ರಿಟಿಷ್ ಸರ್ಕಾರ ಪೌಂಡ್ ತೂಕಕ್ಕೆ ಒಂದು ಶಿಲ್ಲಿಂಗ್ ಬೆಲೆ ಕೊಟ್ಟು ಟನ್‌ಗಟ್ಟಲೆ ಬೆಳ್ಳುಳ್ಳಿ ಕೇಳಿತೆಂದೂ ಮಾಡ್ ಗ್ರೀವ್ 1931ರ ತನ್ನ ಮೂಲಿಕಾಗ್ರಂಥದಲ್ಲಿ ದಾಖಲಿಸಿದ್ದಾಳೆ. ಈ ಚಿಕಿತ್ಸೆಗಳನ್ನು ಇಂದಿನ ಅರ್ಥದಲ್ಲಿ ಪರೀಕ್ಷಿತ ಚಿಕಿತ್ಸೆಗಳೆನ್ನಲಾಗದು, ಏಕೆಂದರೆ ಮದ್ದು ಪಡೆದವರನ್ನೂ ಪಡೆಯದವರನ್ನೂ ಹೋಲಿಸಿ ನೋಡುವ ಕ್ರಮ ಆಗಿನ್ನೂ ರೂಢಿಗೆ ಬಂದಿರಲಿಲ್ಲ. ಆದರೂ ಕಾಯಿಸಿದ ಎಣ್ಣೆಯನ್ನು ಬಿಟ್ಟು ಹಸಿ ರಸವನ್ನೇ ಗಾಯಕ್ಕೆ ಕಟ್ಟಿದವರ ಆಯ್ಕೆ ಸರಿಯಾದ ದಿಕ್ಕಿನಲ್ಲಿಯೇ ಇತ್ತೆಂಬುದು ಮುಂದೆ ಗೊತ್ತಾಯಿತು.

ಅದನ್ನು ತೋರಿಸಿಕೊಟ್ಟವರು ಅಮೆರಿಕದ ನ್ಯೂಯಾರ್ಕ್ ರಾಜ್ಯದ ರೆನ್ಸೆಲೇರ್‌ನಲ್ಲಿದ್ದ ವಿನ್‌ಥ್ರಾಪ್ ಕೆಮಿಕಲ್ ಕಂಪನಿಯ ಚೆಸ್ಟರ್ ಕ್ಯಾವಲಿಟೊ ಮತ್ತು ಜಾನ್ ಹೇಸ್ ಬೇಲಿ. 1944ರಲ್ಲಿ ಪ್ರಕಟವಾದ ಅವರ ಕೆಲಸದ ತಿರುಳು ಒಂದು ಸರಳ ಬದಲಾವಣೆಯಲ್ಲಿತ್ತು: ಆವಿಯನ್ನು ಹಾಯಿಸುವ ಬದಲು ಅವರು ಜಜ್ಜಿದ ಬೆಳ್ಳುಳ್ಳಿಯ ಸಾರವನ್ನು ಕೋಣೆಯ ಉಷ್ಣತೆಯಲ್ಲಿಯೇ ಮದ್ಯಸಾರದಿಂದ ತೆಗೆದರು. ಸುಮಾರು 4 ಕಿಲೋಗ್ರಾಂ ಬೆಳ್ಳುಳ್ಳಿಯಿಂದ 6 ಗ್ರಾಮಿನಷ್ಟು ದೊರೆತ, ಬಣ್ಣವಿಲ್ಲದ, ಬೇಗನೆ ಕೆಡುವ ಆ ಎಣ್ಣೆಯ ಸಕ್ರಿಯ ವಸ್ತುವಿಗೆ ಅವರು ಆಲಿಸಿನ್ ಎಂದು ಹೆಸರಿಟ್ಟರು. ಸುಮಾರು ಒಂದು ಲಕ್ಷ ಪಾಲು ದ್ರವದಲ್ಲಿ ಒಂದು ಪಾಲು ಬೆರೆಸಿದರೂ ಅದು ಹಲವು ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ತಡೆಯಿತು. ಗ್ರಾಮ್ ಎಂಬ ಡೆನ್ಮಾರ್ಕಿನ ವಿಜ್ಞಾನಿ 1884ರಲ್ಲಿ ರೂಪಿಸಿದ ಬಣ್ಣದ ಪರೀಕ್ಷೆಯ ಪ್ರಕಾರ ಬ್ಯಾಕ್ಟೀರಿಯಾಗಳನ್ನು ಅವುಗಳ ಹೊರಗೋಡೆಯ ರಚನೆಗೆ ಅನುಗುಣವಾಗಿ ಧನ ಮತ್ತು ಋಣ ಎಂಬ ಎರಡು ಗುಂಪುಗಳಾಗಿ ವಿಂಗಡಿಸುತ್ತಾರೆ. ಆ ಕಾಲದ ಪೆನಿಸಿಲಿನ್ ಮುಖ್ಯವಾಗಿ ಮೊದಲ ಗುಂಪಿನ ಮೇಲೆ ಪರಿಣಾಮಕಾರಿಯಾಗಿದ್ದರೆ ಆಲಿಸಿನ್ ಎರಡೂ ಗುಂಪುಗಳನ್ನು ತಡೆಯಿತು.

ಜಜ್ಜುವುದಕ್ಕೆ ಮೊದಲು ಎಸಳಿನಲ್ಲಿ ಏನಿತ್ತು ಎಂಬ ಪ್ರಶ್ನೆಗೆ ಉತ್ತರ ಕೊಟ್ಟವರು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸ್ಯಾಂಡೋಜ್ ಪ್ರಯೋಗಾಲಯದ ಆರ್ಥರ್ ಸ್ಟಾಲ್ ಮತ್ತು ಎವಾಲ್ಡ್ ಸೀಬೆಕ್. 1940ರ ದಶಕದ ಕೊನೆಯಲ್ಲಿ ಅವರು ಬೆಳ್ಳುಳ್ಳಿಯನ್ನು ಹೆಪ್ಪುಗಟ್ಟುವಷ್ಟು ತಣಿಸಿ ಸಾರ ತೆಗೆದು, ವಾಸನೆಯೇ ಇಲ್ಲದ ಆಲಿಯಿನ್ ಎಂಬ ವಸ್ತುವನ್ನು ಕಂಡುಹಿಡಿದರು. ಎಸಳಿನೊಳಗೆ ಆಲಿಯಿನ್ ಒಂದು ಕಡೆ, ಆಲಿನೇಸ್ ಎಂಬ ಕಿಣ್ವ ಇನ್ನೊಂದು ಕಡೆ, ಪರಸ್ಪರ ಸೋಂಕದಂತೆ ಇರುತ್ತವೆ. ಕಿಣ್ವವೆಂದರೆ ಜೀವಕೋಶದಲ್ಲಿ ರಾಸಾಯನಿಕ ಬದಲಾವಣೆಯನ್ನು ತ್ವರೆಗೊಳಿಸುವ ಪ್ರೋಟೀನ್. ಹುಳು ಕಚ್ಚಿದಾಗಲೋ ಕಲ್ಲು ಜಜ್ಜಿದಾಗಲೋ ಕೋಶಗಳ ಗೋಡೆ ಒಡೆದು ಎರಡೂ ಬೆರೆಯುತ್ತವೆ, ಕೆಲವೇ ಕ್ಷಣಗಳಲ್ಲಿ ಆಲಿಸಿನ್ ಹುಟ್ಟುತ್ತದೆ. ಮಣ್ಣಿನಲ್ಲಿ ಅಡಗಿರುವ ಗಡ್ಡೆ ತನ್ನನ್ನು ಕಾಪಾಡಿಕೊಳ್ಳಲು ಬೆಳೆಸಿಕೊಂಡ ಈ ವ್ಯವಸ್ಥೆಯನ್ನೇ ಮನುಷ್ಯನು ತನ್ನ ರಕ್ಷಣೆಗೆ ಬಳಸಿಕೊಂಡನು. ಕಿಣ್ವವು ಬಿಸಿಗೆ ನಾಶವಾಗುವುದರಿಂದ ಇಡೀ ಎಸಳನ್ನು ಬೇಯಿಸಿದರೆ ಆಲಿಸಿನ್ ಹೆಚ್ಚಾಗಿ ಹುಟ್ಟುವುದಿಲ್ಲ. ಜಜ್ಜಿ ಸ್ವಲ್ಪ ಹೊತ್ತು ಬಿಟ್ಟು ಆಮೇಲೆ ಒಲೆಗಿಟ್ಟರೆ ಅದು ಹುಟ್ಟಲು ಸಮಯ ಸಿಗುತ್ತದೆ. ಕುಟ್ಟುವ, ಕಾಯುವ, ಸೋಸುವ ಹಂತಗಳಿಗೆ ಹಳೆಯ ಗ್ರಂಥಗಳು ಕೊಟ್ಟ ಪ್ರಾಮುಖ್ಯದ ಹಿಂದೆ ಪೀಳಿಗೆಗಳ ಗಮನವಿತ್ತೆಂದು ಹೇಳಲು ಈ ಸಂಶೋಧನೆ ಆಧಾರ ಒದಗಿಸಿತು.

ಆಲಿಸಿನ್ ಬ್ಯಾಕ್ಟೀರಿಯಾವನ್ನು ತಡೆಯುವ ಬಗೆಯೂ ಕ್ರಮೇಣ ಸ್ಪಷ್ಟವಾಯಿತು. ಜೀವಕೋಶದ ಅನೇಕ ಕಿಣ್ವಗಳಲ್ಲಿ ಥಯೋಲ್ ಎಂಬ, ಗಂಧಕ ಮತ್ತು ಜಲಜನಕಗಳ ಜೋಡಿ ಇರುತ್ತದೆ. ಆಲಿಸಿನ್ ಅದಕ್ಕೆ ಅಂಟಿಕೊಂಡು ಕಿಣ್ವವನ್ನು ನಿಷ್ಕ್ರಿಯಗೊಳಿಸುತ್ತದೆ. ಒಂದೇ ಕಿಣ್ವವನ್ನು ಗುರಿಯಾಗಿಸುವ ಮದ್ದಿಗೆ ಹೋಲಿಸಿದರೆ, ಏಕಕಾಲಕ್ಕೆ ಹಲವು ಕಿಣ್ವಗಳನ್ನು ಕಟ್ಟಿಹಾಕುವ ವಸ್ತುವಿಗೆ ಪ್ರತಿರೋಧ ಬೆಳೆಸಿಕೊಳ್ಳುವುದು ಬ್ಯಾಕ್ಟೀರಿಯಾಕ್ಕೆ ಕಷ್ಟ. ಆದರೆ ಈ ಗುಣವೇ ಅದರ ಮಿತಿಯೂ ಆಗಿದೆ. ಮನುಷ್ಯನ ರಕ್ತದಲ್ಲಿ, ಜೀವಕೋಶಗಳಲ್ಲಿ ಥಯೋಲ್‌ಗಳು ಹೇರಳವಾಗಿರುವುದರಿಂದ ತಿಂದ ಬೆಳ್ಳುಳ್ಳಿಯ ಆಲಿಸಿನ್ ಅವುಗಳೊಡನೆ ಕೂಡಿ ಕ್ಷಿಪ್ರವಾಗಿ ಮಾರ್ಪಡುತ್ತದೆ, ಬೆಳ್ಳುಳ್ಳಿ ತಿಂದವರ ರಕ್ತದಲ್ಲಿ ಅದು ಅದೇ ರೂಪದಲ್ಲಿ ಕಾಣಸಿಗುವುದಿಲ್ಲ. ಜಠರದ ತೀವ್ರ ಆಮ್ಲವು ಕಿಣ್ವವನ್ನೂ ಕೆಡಿಸುತ್ತದೆ. ಗಾಜಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾವನ್ನು ಕೊಲ್ಲುವ ರಸ ಶ್ವಾಸಕೋಶದ ಸೋಂಕನ್ನು ವಾಸಿಮಾಡಲಾರದೆ ಹೋಗುವುದಕ್ಕೆ ಇದು ಮುಖ್ಯ ಕಾರಣ. ಆಲಿಸಿನ್ ಪ್ರಕಟವಾದ 1944ರಲ್ಲಿಯೇ ಸ್ಟ್ರೆಪ್ಟೊಮೈಸಿನ್ ಎಂಬ ಪ್ರತಿಜೀವಕವೂ ಪ್ರಕಟವಾಯಿತು, ಪೆನಿಸಿಲಿನ್ ಕಾರ್ಖಾನೆಗಳಲ್ಲಿ ಭಾರಿ ಪ್ರಮಾಣದಲ್ಲಿ ತಯಾರಾಗತೊಡಗಿತು. ರಕ್ತದ ಮೂಲಕ ದೇಹದ ಒಳಗಣ ಸೋಂಕನ್ನು ತಲುಪಬಲ್ಲ ಈ ಔಷಧಗಳ ಮುಂದೆ ಆಲಿಸಿನ್ ಹಿಂದೆ ಸರಿದದ್ದು ನ್ಯಾಯವಾದ ಫಲಿತಾಂಶವೇ ಆಗಿತ್ತು.

ಪ್ರತಿಜೀವಕಗಳಿಗೆ ಬಗ್ಗದ ಬ್ಯಾಕ್ಟೀರಿಯಾಗಳು ಆಸ್ಪತ್ರೆಗಳಲ್ಲಿ ಹೆಚ್ಚಿದ ಮೇಲೆ ಹಳೆಯ ಗ್ರಂಥಗಳ ಕಡೆಗೆ ಮತ್ತೆ ದೃಷ್ಟಿ ಹರಿಯಿತು. ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಸೂಕ್ಷ್ಮಜೀವಿವಿಜ್ಞಾನಿ ಫ್ರೇಯಾ ಹ್ಯಾರಿಸನ್ ಮತ್ತು ಪ್ರಾಚೀನ ಇಂಗ್ಲಿಷ್ ವಿದ್ವಾಂಸೆ ಕ್ರಿಸ್ಟಿನಾ ಲೀ ಒಟ್ಟುಗೂಡಿ ಲೀಚ್‌ಬುಕ್‌ನ ಕಣ್ಣಿನ ಲೇಪವನ್ನು ಗ್ರಂಥದಲ್ಲಿ ಹೇಳಿದ ಕ್ರಮದಲ್ಲಿಯೇ ಸಿದ್ಧಪಡಿಸಿ, 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೆಥಿಸಿಲಿನ್ ಎಂಬ ಪ್ರತಿಜೀವಕವನ್ನು ಎದುರಿಸಿ ಉಳಿಯುವ ಸ್ಟ್ಯಾಫಿಲೊಕಾಕಸ್ ಆರಿಯಸ್ ಬ್ಯಾಕ್ಟೀರಿಯಾವನ್ನು ಆ ಲೇಪ ಪ್ರಯೋಗಾಲಯದಲ್ಲಿ ಕೊಂದಿತು. 2020ರಲ್ಲಿ ವಾರ್ವಿಕ್ ವಿಶ್ವವಿದ್ಯಾಲಯದಿಂದ ಬಂದ ಮುಂದುವರಿದ ಅಧ್ಯಯನ ಇನ್ನೂ ಮುಖ್ಯವಾದ ಸಂಗತಿಯನ್ನು ಹೊರತಂದಿತು. ಬ್ಯಾಕ್ಟೀರಿಯಾಗಳು ಬಿಡಿಬಿಡಿಯಾಗಿ ತೇಲುತ್ತಿರುವಾಗ ಅವುಗಳನ್ನು ಕೊಲ್ಲಲು ಆಲಿಸಿನ್ ಸಾಕಾಗುತ್ತದೆ. ಅವು ತಾವೇ ಸ್ರವಿಸಿದ ಲೋಳೆಯಲ್ಲಿ ಒತ್ತಾಗಿ ಹುದುಗಿಕೊಂಡು ಜೀವಿಪದರ ಎನ್ನಲಾಗುವ ಪೊರೆಯನ್ನು ಕಟ್ಟಿಕೊಂಡಾಗ ಬೆಳ್ಳುಳ್ಳಿಯೊಂದರಿಂದಲೇ ಫಲ ಸಿಗುವುದಿಲ್ಲ, ಈರುಳ್ಳಿ, ಮದ್ಯ, ಪಿತ್ತರಸಗಳೆಲ್ಲ ಸೇರಿದ ಪೂರ್ಣಯೋಗವೇ ಬೇಕಾಗುತ್ತದೆ. ಮುಖ್ಯ ದ್ರವ್ಯವನ್ನು ಮಾತ್ರ ಉಳಿಸಿಕೊಂಡು ಉಳಿದುದನ್ನು ಬಿಟ್ಟಿದ್ದರೆ ಸಾವಿರ ವರ್ಷ ಹಿಂದಿನ ಆ ಯೋಗ ನಿಷ್ಫಲವೆಂದು ತೋರುತ್ತಿತ್ತು. ಇದು ಪ್ರಯೋಗಾಲಯದ ಫಲವೇ ಹೊರತು ಮನೆಯಲ್ಲಿ ಕಣ್ಣಿಗೆ ಹಚ್ಚಿಕೊಳ್ಳಲು ಅನುಮತಿಯಲ್ಲ ಎಂಬುದನ್ನೂ ಒತ್ತಿ ಹೇಳಬೇಕು. ಹಸಿ ಬೆಳ್ಳುಳ್ಳಿಯನ್ನು ಚರ್ಮಕ್ಕೆ ಕಟ್ಟಿಕೊಂಡವರಿಗೆ ಸುಟ್ಟಂಥ ಗಾಯಗಳಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಅನೇಕ ಇವೆ.

ಬೆರೆಸುವ ದ್ರವದ ಪ್ರಾಮುಖ್ಯವನ್ನು 2008ರಲ್ಲಿ ಜಪಾನಿನ ಸಂಶೋಧಕರು ಅಳೆದು ತೋರಿಸಿದ್ದರು. ಆಲಿಸಿನ್ ಮದ್ಯಸಾರ ಬೆರೆತ ನೀರಿನಲ್ಲಿ ಬರಿಯ ನೀರಿನಲ್ಲಿರುವುದಕ್ಕಿಂತ ಹೆಚ್ಚು ದಿನ ಉಳಿಯುತ್ತದೆ; ಅಡುಗೆ ಎಣ್ಣೆಯಲ್ಲಿಯಾದರೆ ಬ್ಯಾಕ್ಟೀರಿಯಾಗಳನ್ನು ತಡೆಯುವ ಅದರ ಶಕ್ತಿಯ ಅರ್ಧದಷ್ಟು ಒಂದು ಗಂಟೆಯೊಳಗಾಗಿಯೇ ಅಳಿದುಹೋಗುತ್ತದೆ. ಕುಚಾದ ಹಸ್ತಪ್ರತಿಯೂ ಇಂಗ್ಲೆಂಡಿನ ಗ್ರಂಥವೂ ಮದ್ಯವನ್ನು ಹೇಳಿದ್ದಕ್ಕೆ ಬರೆದವರಿಗೆ ತಿಳಿಯದ ಒಂದು ಸಮರ್ಥನೆ ಇಲ್ಲಿ ದೊರೆಯುತ್ತದೆ. ಎಣ್ಣೆಯ ಕುರಿತ ಫಲಿತಾಂಶಕ್ಕಾದರೋ ಹಿಂದೆಯೇ ನಡೆದುಹೋಗಿದ್ದ ಒಂದು ದುರಂತದ ಹಿನ್ನೆಲೆಯಿತ್ತು.

1985ರಲ್ಲಿ ಕೆನಡಾದ ವ್ಯಾಂಕೂವರ್ ನಗರದ ಒಂದು ಉಪಾಹಾರಗೃಹದಲ್ಲಿ ಉಂಡ 36 ಜನರು ಬಾಟುಲಿಸಂ ಎಂಬ ಮಾರಕ ವಿಷಬಾಧೆಗೆ ಒಳಗಾದರು. ದೃಷ್ಟಿ ಮಸುಕಾಗಿ, ಮಾತು ತೊದಲಿ, ಸ್ನಾಯುಗಳು ಸೋತು, ಕೊನೆಗೆ ಉಸಿರಾಟವೇ ನಿಲ್ಲಬಹುದಾದ ಈ ಬಾಧೆಗೆ ಮೂಲವಾದದ್ದು ಸೋಯಾ ಎಣ್ಣೆಯಲ್ಲಿ ಮುಳುಗಿಸಿ ಬಾಟಲಿಯಲ್ಲಿಟ್ಟಿದ್ದ, ತಣ್ಣಗಿಡದೆ ಬಿಟ್ಟಿದ್ದ ಹೆಚ್ಚಿದ ಬೆಳ್ಳುಳ್ಳಿ. ಕ್ಲಾಸ್ಟ್ರಿಡಿಯಂ ಬಾಟುಲಿನಮ್ ಬ್ಯಾಕ್ಟೀರಿಯಾದ ಬೀಜಕಗಳು, ಅಂದರೆ ದಪ್ಪ ಕವಚದೊಳಗೆ ನಿದ್ರಾವಸ್ಥೆಯಲ್ಲಿರುವ ಅದರ ರೂಪಗಳು, ಮಣ್ಣಿನಲ್ಲಿರುತ್ತವೆ. ನೆಲದಡಿ ಬೆಳೆಯುವ ಗಡ್ಡೆಗೆ ಅವು ಸಹಜವಾಗಿ ಅಂಟಿಕೊಳ್ಳುತ್ತವೆ. ಎಣ್ಣೆ ಗಾಳಿಯನ್ನು ತಡೆಯಿತು, ಬೆಳ್ಳುಳ್ಳಿಯಲ್ಲಿ ಹುಳಿ ಕಡಿಮೆಯಿತ್ತು, ಆಲಿಸಿನ್ ಬೇಗನೆ ಅಳಿದುಹೋಯಿತು, ಕೋಣೆಯ ಬೆಚ್ಚನೆಯ ಉಷ್ಣತೆಯೂ ಕೂಡಿತು. ಗಾಳಿಯಿಲ್ಲದೆಡೆಯಲ್ಲಿಯೇ ಬೆಳೆಯುವ ಈ ಬ್ಯಾಕ್ಟೀರಿಯಾಕ್ಕೆ ಬೇಕಾದುದೆಲ್ಲ ಒಂದೆಡೆ ಸೇರಿದಂತಾಯಿತು. 1989ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಇಂಥದೇ ಇನ್ನೊಂದು ಘಟನೆ ನಡೆದ ಬಳಿಕ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಎಣ್ಣೆಯಲ್ಲಿಟ್ಟ ಬೆಳ್ಳುಳ್ಳಿಗೆ ಸಿಟ್ರಿಕ್ ಅಥವಾ ಫಾಸ್ಫರಿಕ್ ಆಮ್ಲದಂಥ ತಡೆವಸ್ತುವನ್ನು ಸೇರಿಸಲೇಬೇಕೆಂದು ವಿಧಿಸಿತು. ರೋಗಾಣುನಾಶಕವೆಂದು ಹೆಸರಾದ ಗಡ್ಡೆಯೇ ರೋಗಾಣುವಿಗೆ ಆಶ್ರಯವಾದ ಈ ಪ್ರಸಂಗ, ಸಸ್ಯದ ಹೆಸರನ್ನು ನಂಬಿ ವಿಧಾನವನ್ನು ಬಿಟ್ಟರೆ ಆಗುವ ಅನಾಹುತಕ್ಕೆ ದಾಖಲೆಯಾಗಿ ನಿಂತಿದೆ.

ಆಯುರ್ವೇದವು ಬೆಳ್ಳುಳ್ಳಿಯಲ್ಲಿ ಆರು ರಸಗಳ ಪೈಕಿ ಹುಳಿಯೊಂದನ್ನು ಬಿಟ್ಟು ಉಳಿದ ಐದೂ ಇವೆಯೆಂದು ಹೇಳುತ್ತದೆ. ಆ ಮಾತು ಬ್ಯಾಕ್ಟೀರಿಯಾಗಳನ್ನು ಕುರಿತದ್ದಲ್ಲವಾದರೂ, ಕನ್ನಡನಾಡಿನ ಅಡುಗೆಯ ಪದ್ಧತಿ ಆ ಕೊರತೆಯನ್ನು ತುಂಬಿಕೊಂಡೇ ಬಂದಿದೆ. ಬೆಳ್ಳುಳ್ಳಿ ಉಪ್ಪಿನಕಾಯಿಯನ್ನು ನಿಂಬೆರಸದ ಹುಳಿಯಲ್ಲಿ, ಧಾರಾಳ ಉಪ್ಪಿನಲ್ಲಿ, ಸಾಸಿವೆ ಮತ್ತು ಮೆಣಸಿನಕಾಯಿ ಪುಡಿಯೊಡನೆ ಹಾಕುತ್ತಾರೆ, ಎಣ್ಣೆ ಕೊನೆಗೆ ಬರುತ್ತದೆ. ಬಾಟುಲಿನಮ್ ಬೆಳೆಯಲಾರದ ಆಮ್ಲೀಯ ವಾತಾವರಣವನ್ನು ಹುಳಿಯೂ, ಜೀವಿಗಳಿಗೆ ಸಿಗುವ ನೀರನ್ನು ತಗ್ಗಿಸುವ ಕೆಲಸವನ್ನು ಉಪ್ಪೂ ಮಾಡುತ್ತವೆ. ಉತ್ತರ ಕರ್ನಾಟಕದ ಚಟ್ನಿಪುಡಿಗಳಲ್ಲಿ ಹುಳಿಯ ಬದಲು ಒಣಗಿಸುವಿಕೆ ಆ ಕೆಲಸ ಮಾಡುತ್ತದೆ: ಶೇಂಗಾ, ಒಣಕೊಬ್ಬರಿಗಳನ್ನು ಹುರಿದು ಒಣಮೆಣಸಿನಕಾಯಿ, ಉಪ್ಪು, ಬೆಳ್ಳುಳ್ಳಿಗಳೊಡನೆ ಕುಟ್ಟುವಾಗ ನೀರಿನ ಸೋಂಕು ತಾಗಗೊಡದಿರುವುದು ಹಿರಿಯ ಹೆಂಗಸರ ಕಟ್ಟುನಿಟ್ಟಿನ ನಿಯಮ. ಅದೇ ಬೆಳ್ಳುಳ್ಳಿಯನ್ನು ಹಸಿ ಚಟ್ನಿಗೆ ಅರೆದಾಗ ಅಂದೇ ಮುಗಿಸಬೇಕೆಂಬ ನಿಯಮವೂ ಇದೆ. ಇಂದು ಅಂಗಡಿಗಳಲ್ಲಿ ಸಿಗುವ ಶುಂಠಿ ಬೆಳ್ಳುಳ್ಳಿ ಪೇಸ್ಟಿನ ಪೊಟ್ಟಣಗಳ ಮೇಲೆ ಆಮ್ಲತಾ ನಿಯಂತ್ರಕ ಎಂದು ಅಚ್ಚಾಗಿರುವ ಸಿಟ್ರಿಕ್ ಅಥವಾ ಅಸಿಟಿಕ್ ಆಮ್ಲ ನಿಂಬೆರಸದ ಕೆಲಸವನ್ನೇ ಕಾರ್ಖಾನೆಯ ಅಳತೆಯಲ್ಲಿ ಮುಂದುವರಿಸುತ್ತದೆ.

ಈ ಉದ್ದನೆಯ ಚರಿತ್ರೆಯಿಂದ ಎರಡು ಅತಿರೇಕಗಳಿಗೂ ಉತ್ತರ ದೊರೆಯುತ್ತದೆ. ಮನೆಮದ್ದೆಲ್ಲ ಮೂಢನಂಬಿಕೆ ಎನ್ನುವವರಿಗೆ, ಕುಟ್ಟಿ ಸೋಸಿ ಮದ್ಯಕ್ಕೆ ಬೆರೆಸಿದ ರಸದ ಹಿಂದೆ ಕ್ಯಾವಲಿಟೊ, ಸ್ಟಾಲ್‌ರಂಥವರು ಗುರುತಿಸಿದ ನಿಜವಾದ ರಸಾಯನಕ್ರಿಯೆ ಇತ್ತೆಂದು ಅದು ತೋರಿಸುತ್ತದೆ. ಬೆಳ್ಳುಳ್ಳಿಯೇ ಪ್ರತಿಜೀವಕವೆಂದು ಸಾರಿ, ವೈದ್ಯರು ಕೊಟ್ಟ ಮಾತ್ರೆಯನ್ನು ಬದಿಗಿಡಲು ಹೇಳುವವರಿಗೆ, ಆ ರಸ ರಕ್ತದಲ್ಲಿ ನಿಲ್ಲದೆಂದೂ, ಎಣ್ಣೆಯಲ್ಲಿ ಬಾಳದೆಂದೂ, ಬಿಸಿಗೆ ತಾಳದೆಂದೂ ಅಷ್ಟೇ ಖಚಿತವಾಗಿ ತಿಳಿಸುತ್ತದೆ. ಆಹಾರಸಸ್ಯಗಳ ರಸಕ್ಕೆ ಅತ್ಯಂತ ಗಟ್ಟಿಯಾದ ಸ್ಥಾನವಿರುವುದು ಆಹಾರವನ್ನು ಕೆಡದಂತೆ ಕಾಪಾಡುವುದರಲ್ಲಿ. ಅಲ್ಲಿಯೂ ಅದು ಹುಳಿ, ಉಪ್ಪು, ಒಣಗಿಸುವಿಕೆ, ಬಿಸಿಗಳ ಜೊತೆಗಾರನಾಗಿ ಮಾತ್ರ ಸಮರ್ಥವಾಗಿರುತ್ತದೆ. ಔಷಧವಾಗಿ ಅದರ ಭವಿಷ್ಯ ಲೀಚ್‌ಬುಕ್‌ನ ಯೋಗದ ಮೇಲೆ ನಡೆದಂಥ, ಮೂಲಗ್ರಂಥವನ್ನು ಅಕ್ಷರಶಃ ಓದಿ ಒಂದೊಂದು ಹಂತವನ್ನೂ ಪರೀಕ್ಷಿಸುವ ಕೆಲಸವನ್ನು ಅವಲಂಬಿಸಿದೆ. ಕನ್ನಡದ ವೈದ್ಯಗ್ರಂಥಗಳೂ ಅಡುಗೆಯ ಗ್ರಂಥಗಳೂ ಅಂಥ ಓದಿಗೆ ಕಾದಿವೆ. ಅವುಗಳಿಂದ ದ್ರವ್ಯಗಳ ಪಟ್ಟಿಯನ್ನಷ್ಟೇ ಎತ್ತಿಕೊಳ್ಳದೆ, ಪಾತ್ರೆ, ಪ್ರಮಾಣ, ಕಾಲ, ಋತುಗಳನ್ನು ಕುರಿತ ಪ್ರತಿಯೊಂದು ಸೂಚನೆಯನ್ನೂ ವಿದ್ವಾಂಸರೂ ವಿಜ್ಞಾನಿಗಳೂ ಕೂಡಿ ಪರಿಶೀಲಿಸಿದಾಗಲೇ ಪರಂಪರೆಯಲ್ಲಿ ಯಾವುದು ನಿಂತೀತು, ಯಾವುದು ಬಿದ್ದೀತು ಎಂಬುದನ್ನು ನ್ಯಾಯವಾಗಿ ನಿರ್ಣಯಿಸಲು ಸಾಧ್ಯವಾಗುತ್ತದೆ.